ಒತ್ತಕ್ಷರ ಜೋಡಿಸುವವರು ಯಾರು?

ಕಂಪ್ಯೂಟರಿನಲ್ಲಿ ಕನ್ನಡ ಒಡೆದು ಕಾಣಿಸಿದರೆ ನಮ್ಮವರ ಬಾಯಿಂದ ಬರುವ ಮೊದಲ ಮಾತು ‘ಫಾಂಟ್ ಇಲ್ಲ, ಫಾಂಟ್ ಹಾಕಿ’. ಹಾಕುತ್ತಾರೆ. ಸರಿಹೋಗಲ್ಲ. ಇನ್ನೊಂದು ಹಾಕುತ್ತಾರೆ. ಅದೂ ಆಗಲ್ಲ. ಕೊನೆಗೆ ‘ಕನ್ನಡ ಕಂಪ್ಯೂಟರಿಗೆ ಒಗ್ಗಲ್ಲ, ಸುಮ್ನೆ ಇಂಗ್ಲಿಷಲ್ಲೇ ಹಾಕಿಬಿಡಿ’ ಎಂದು ಕೈಚೆಲ್ಲುತ್ತಾರೆ. ಹಾಸನದಲ್ಲಿ ಕೂತು ಅಂಗಡಿ, ಎಸ್ಟೇಟು, ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಇದು ಅನುಭವದ ಮಾತಲ್ಲ, ಪರೀಕ್ಷೆ ಮಾಡದೆ ನಂಬಿಕೊಂಡು ಬಂದ ಮಾತು. ಇಂಥ ನಂಬಿಕೆಯಿಂದಲೇ ಎಷ್ಟೋ ಬಿಲ್ಲು, ರಸೀದಿ, ಅರ್ಜಿಗಳಿಂದ ಕನ್ನಡ ಮಾಯವಾಗಿದೆ.

ಚಿಕ್ಕಮಗಳೂರಿನ ಒಬ್ಬ ಕಾಫಿ ವ್ಯಾಪಾರಿಯ ಬಿಲ್ ತೆಗೆದುಕೊಳ್ಳಿ. ಪರದೆಯ ಮೇಲೆ ಎಲ್ಲಾ ಚೆನ್ನಾಗಿದೆ. ಅದನ್ನೇ ಪಿಡಿಎಫ್ ಮಾಡಿದರೆ ಊರಿನ ಹೆಸರು ‘ಚಿಕ್‌ಕಮಗಳೂರು’ ಆಗುತ್ತದೆ. ಬೆಳೆಗಾರ ಅಪ್ಪಣ್ಣ ‘ಅಪ್‌ಪಣ್‌ಣ’ ಆಗುತ್ತಾರೆ. ಗುಡಿಸು ಅಕ್ಷರಕ್ಕೆ ಅಂಟದೆ ಪಕ್ಕದಲ್ಲಿ ಬೇರೆಯೇ ನಿಲ್ಲುತ್ತದೆ. ಆದರೆ ಪರದೆಗೂ ಪಿಡಿಎಫ್‌ಗೂ ಕೊಟ್ಟಿದ್ದು ಒಂದೇ ಫಾಂಟ್, ಒಂದೇ ಕಡತ. ಹಾಗಿದ್ದ ಮೇಲೆ ತಪ್ಪು ಫಾಂಟಿನದ್ದಾಗಲು ಹೇಗೆ ಸಾಧ್ಯ?

ಉತ್ತರ ಬೇಕಾದರೆ ಕಂಪ್ಯೂಟರ್ ಒಳಗೆ ಏನನ್ನು ಇಟ್ಟುಕೊಂಡಿದೆ ಎಂದು ನೋಡಬೇಕು. ‘ಚಿಕ್ಕಮಗಳೂರು’ ಅಂದರೆ ನಮಗೆ 6 ಅಕ್ಷರ: ಚಿ, ಕ್ಕ, ಮ, ಗ, ಳೂ, ರು. ಕಂಪ್ಯೂಟರಿಗೆ ಅದು 11 ಸಂಕೇತ. ಚ, ಗುಡಿಸು, ಕ, ಹಲಂತ (ಅಕ್ಷರದ ‘ಅ’ಕಾರ ತೆಗೆಯುವ ಚಿಹ್ನೆ), ಮತ್ತೆ ಕ, ಮ, ಗ, ಳ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ. ಇಷ್ಟೇ. ‘ಕ’ದ ಕೆಳಗೆ ಬರುವ ಆ ಪುಟ್ಟ ಒತ್ತು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಗೊತ್ತುಮಾಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ಮೀಸಲಿಟ್ಟ ಜಾಗ 128. ಅದರಲ್ಲಿ ಒಂದೇ ಒಂದು ಒತ್ತಕ್ಷರವೂ ಇಲ್ಲ. ‘ಕ್ಷ’ ಕೂಡ ಇಲ್ಲ. ಅದು ಕ, ಹಲಂತ, ಷ, ಅಷ್ಟೇ.

ಇದನ್ನು ಕೇಳಿದವರು ‘ಇಂಗ್ಲಿಷಿನವರು ನಮ್ಮನ್ನು ಕಡೆಗಣಿಸಿದರು’ ಅನ್ನುತ್ತಾರೆ. ಇಲ್ಲ. ಈ ಏರ್ಪಾಡು ನಮ್ಮ ದೇಶದ್ದೇ. ಭಾರತದ ಲಿಪಿಗಳಿಗಾಗಿ ಇಲ್ಲೇ ರೂಪಿಸಿದ ಇಸ್ಕಿ ಎಂಬ ಸಂಕೇತ ಪದ್ಧತಿಯ 1988ರ ಆವೃತ್ತಿಯನ್ನು ಆಧಾರ ಮಾಡಿಕೊಂಡೇ ಯೂನಿಕೋಡ್ ನಮ್ಮ ಅಕ್ಷರಗಳನ್ನು ಸಾಲಾಗಿ ಕೂರಿಸಿತು. ಅದಕ್ಕೇ ಕನ್ನಡದ ‘ಕ’ ತನ್ನ ಮನೆಯಲ್ಲಿ ಎಷ್ಟನೇ ಜಾಗದಲ್ಲಿದೆಯೋ, ಹಿಂದಿಯ ‘ಕ’ವೂ ತೆಲುಗಿನ ‘ಕ’ವೂ ತಮ್ಮ ತಮ್ಮ ಮನೆಯಲ್ಲಿ ಅಷ್ಟನೇ ಜಾಗದಲ್ಲೇ ಇವೆ. ಬಾಯಲ್ಲಿ ಹೇಳುವ ಕ್ರಮದಲ್ಲಿ ಧ್ವನಿಗಳನ್ನು ಇಟ್ಟುಕೊಳ್ಳಬೇಕು, ಆಕಾರದ ಚಿಂತೆ ಬೇರೆಯವರಿಗೆ ಬಿಡಬೇಕು ಅನ್ನುವುದು ಅದರ ಮೂಲ ವಿಚಾರ. ಎಷ್ಟು ಚಂದದ ವಿಚಾರ ನೋಡಿ.

ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ ಸಿಕ್ಕಿದ ಶಾಸನ ಎಲ್ಲರಿಗೂ ಗೊತ್ತು. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಪತ್ತೆ ಮಾಡಿದ್ದು, ಸುಮಾರು ಕ್ರಿ.ಶ. 450ರದ್ದು ಎನ್ನುತ್ತಾರೆ. ಅಲ್ಲಿ ಕಲ್ಲು ಕೆತ್ತಿದವನು ಉಳಿಸಿದ್ದು ಆಕಾರ. ಅವನ ಕಾಲದ ‘ಕ’ ಇವತ್ತಿನ ‘ಕ’ದ ಹಾಗೆ ಕಾಣುವುದಿಲ್ಲ, ಓದಲು ತಜ್ಞರು ಬೇಕು. ಯೂನಿಕೋಡ್ ಉಳಿಸುವುದು ಆಕಾರವನ್ನಲ್ಲ. ನಾಳೆ ಕನ್ನಡದ ಅಕ್ಷರಗಳ ರೂಪ ಬದಲಾದರೂ ಇವತ್ತು ಸಂಗ್ರಹಿಸಿಟ್ಟ ಬರಹ ಹಾಗೇ ಓದಿಸಿಕೊಳ್ಳುತ್ತದೆ, ಫಾಂಟ್ ಬದಲಿಸಿದರೆ ಸಾಕು.

ಇದಕ್ಕೆ ಮುಂಚೆ ನಾವು ಮಾಡಿದ್ದು ಹಲ್ಮಿಡಿಯ ದಾರಿಯನ್ನೇ. ‘ನುಡಿ’, ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕಡತದ ಒಳಗೆ ಇರುತ್ತಿದ್ದದ್ದು ಕನ್ನಡವೇ ಅಲ್ಲ. ನುಡಿಯಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದ ಕಡತದಿಂದ ಆ ಫಾಂಟ್ ತೆಗೆದು ನೋಡಿದರೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಮತ್ತೆ ಗೀಟಿನ ಎ ಹೀಗೆ 7 ಗುರುತುಗಳು ಕಾಣುತ್ತವೆ. ಆ ಗುರುತುಗಳ ಚಿತ್ರ ಬದಲಿಸಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಆ ಕಾಲಕ್ಕೆ ಅದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಕನ್ನಡದ ಕಚೇರಿ ಕೆಲಸ, ಪುಸ್ತಕದ ಕೆಲಸ ನಡೆದಿದ್ದೇ ಅದರಿಂದ. ‘ಫಾಂಟ್ ಹಾಕಿದರೆ ಕನ್ನಡ ಬರುತ್ತೆ’ ಅನ್ನುವ ನಂಬಿಕೆ ಹುಟ್ಟಿದ್ದೂ ಆಗಲೇ, ಆಗ ಅದು ನಿಜವೂ ಆಗಿತ್ತು. ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಕನ್ನಡದ ತಂತ್ರಾಂಶಕ್ಕಾಗಿ ಅಷ್ಟೊಂದು ತಲೆ ಕೆಡಿಸಿಕೊಂಡಿದ್ದು ಸುಮ್ಮನೆ ಅಲ್ಲ. ಕಂಪ್ಯೂಟರಿನಲ್ಲಿ ಇಲ್ಲದ ಭಾಷೆಯ ಗತಿ ಏನು ಎಂಬುದು ಅವರಿಗೆ ಕಾಣುತ್ತಿತ್ತು.

ಸರಿ, ಈಗ ಆಕಾರದ ಕೆಲಸ ಯಾರದು? ಹಳೆಯ ಪ್ರೆಸ್ಸುಗಳಲ್ಲಿ ಮೊಳೆ ಜೋಡಿಸುವ ಕಂಪೋಸಿಟರ್ ಇರುತ್ತಿದ್ದರಲ್ಲ, ಅವರನ್ನು ನೆನೆಸಿಕೊಳ್ಳಿ. ಮೊಳೆಗಳೆಲ್ಲ ಕೇಸಿನ ಖಾನೆಗಳಲ್ಲಿ ಇದ್ದವು, ಒತ್ತುಗಳಿಗೆ ಬೇರೆ ಖಾನೆ. ಆದರೆ ಕೇಸು ತಾನಾಗಿ ಪುಟ ಜೋಡಿಸುತ್ತಿರಲಿಲ್ಲ. ಯಾವ ಅಕ್ಷರಕ್ಕೆ ಯಾವ ಒತ್ತು, ಎಷ್ಟು ಕೆಳಗೆ ಅನ್ನುವುದೆಲ್ಲ ಕಂಪೋಸಿಟರ್ ಕೈಯಲ್ಲಿತ್ತು. ಫಾಂಟ್ ಅಂದರೆ ಆ ಕೇಸು. ಕಂಪೋಸಿಟರ್ ಜಾಗದಲ್ಲಿ ಈಗ ಇರುವುದು ಒಂದು ಪ್ರೋಗ್ರಾಂ, ಅಂಥದ್ದರಲ್ಲಿ ಒಂದರ ಹೆಸರು ಹಾರ್ಫ್‌ಬಝ್. ನಮ್ಮ ಪಿಡಿಎಫ್ ಮಾಡಿದ ಲೈಬ್ರರಿಯಲ್ಲಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನಲ್ಲಿ) ಇಂಥ ಜೋಡಿಸುವವರೇ ಇರಲಿಲ್ಲ. ಅದು 11 ಸಂಕೇತಗಳಿಗೆ 11 ಚಿತ್ರ ಎತ್ತಿ ಸಾಲಾಗಿ ಇಟ್ಟುಬಿಟ್ಟಿತು. ಬ್ರೌಸರ್‌ನ ಒಳಗೆ ಹಾರ್ಫ್‌ಬಝ್ ಇದೆ, ಹಾಗಾಗಿ ಪರದೆಯ ಮೇಲೆ ಸರಿ ಬಂತು. ಪರಿಹಾರವೂ ಅಲ್ಲೇ ಇದೆ: ಬಿಲ್ಲನ್ನು ವೆಬ್ ಪುಟದ ಹಾಗೆ ಬರೆದು, ಕ್ರೋಮಿಯಂ ಬ್ರೌಸರನ್ನು ತೆರೆಮರೆಯಲ್ಲಿ ಓಡಿಸಿ, ಅದರಿಂದಲೇ ಪಿಡಿಎಫ್ ಮಾಡಿಸಿದರೆ ಆಯಿತು. ಒತ್ತು ತನ್ನ ಜಾಗಕ್ಕೆ ಬಂದು ಕೂರುತ್ತದೆ.

ಹಾರ್ಫ್‌ಬಝ್ ಬಗ್ಗೆ ಇನ್ನಷ್ಟು ಹೇಳಲೇಬೇಕು. ಫ್ರೀಟೈಪ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ಒಂದು ಭಾಗವಾಗಿ ಹುಟ್ಟಿದ ಇದನ್ನು ಹೊಸದಾಗಿ ಬರೆದು ಬೆಳೆಸಿದವರು ಇರಾನಿನಲ್ಲಿ ಹುಟ್ಟಿದ ಬೆಹ್ದಾದ್ ಎಸ್ಫಾಬೋದ್. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲದರ ಒಳಗೂ ಇದೇ ಕೆಲಸ ಮಾಡುತ್ತದೆ. ನೀವು ಆಂಡ್ರಾಯ್ಡ್ ಫೋನಿನಲ್ಲಿ ಈ ಸಾಲು ಓದುತ್ತಿದ್ದರೆ, ಈ ‘ತ್ತಿ’ ಮತ್ತು ‘ದ್ದ’ ಜೋಡಿಸಿದ್ದು ಅದೇ. ದುಡ್ಡು ಕೊಡಬೇಕಿಲ್ಲ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಇಷ್ಟು ಹೇಳಿದರೆ ‘ಪುಕ್ಕಟೆ ಸಾಫ್ಟ್‌ವೇರ್ ಅಂದ್ರೆ ಅಷ್ಟೇ ಗುಣಮಟ್ಟ ಅಲ್ವಾ’ ಅನ್ನುವವರು ಈಗಲೂ ಇದ್ದಾರೆ. ಭಾರತೀಯ ಲಿಪಿಗಳ ವಿಷಯದಲ್ಲಿ ಇದನ್ನು ಪರೀಕ್ಷಿಸಿದ್ದು ಹೇಗೆ ಗೊತ್ತಾ? ವಿಕಿಪೀಡಿಯಾದ ಪದಗಳನ್ನು ರಾಶಿ ಹಾಕಿ, ಒಂದೊಂದನ್ನೂ ಮೈಕ್ರೋಸಾಫ್ಟ್‌ನ ಯೂನಿಸ್ಕ್ರೈಬ್ ಜೋಡಿಸಿದ್ದರ ಜೊತೆ ಹೋಲಿಸಿ ವ್ಯತ್ಯಾಸ ಹುಡುಕಿದರು. ನಮ್ಮೂರಿನ ಯಾರೋ ವಿಕಿಪೀಡಿಯಾಕ್ಕೆ ಬರೆದ ಕನ್ನಡ ಲೇಖನವೂ ಹೀಗೆ ಉಪಯೋಗಕ್ಕೆ ಬಂತು.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಒಂದೇ ಒಂದು ಸಾಲು. ಹಾರ್ಫ್‌ಬಝ್‌ನ ಕೋಡಿನಲ್ಲಿ ಭಾರತೀಯ ಲಿಪಿಗಳನ್ನು ನೋಡಿಕೊಳ್ಳುವ ಕಡತ ತೆರೆದರೆ ಮೇಲ್ಭಾಗದಲ್ಲೇ ಒಂದು ಪಟ್ಟಿ ಸಿಗುತ್ತದೆ, ಲಿಪಿಗೆ ಒಂದು ಸಾಲು. ಕನ್ನಡದ ಸಾಲಿನಲ್ಲಿ ಹಲಂತದ ಸಂಖ್ಯೆ ಇದೆ, ಅದರ ಪಕ್ಕ ಅರ್ಕಾವತ್ತು ಎಲ್ಲಿ ಕೂರಬೇಕು ಎಂದು ಬರೆದಿದೆ. ‘ಕಾರ್ಮಿಕ’ ಪದದಲ್ಲಿ ಬಾಯಿ ಮೊದಲು ಹೇಳುವುದು ‘ರ್’, ಆಮೇಲೆ ‘ಮಿ’. ಬರೆಯುವಾಗ ಮಾತ್ರ ‘ಮಿ’ ಮೊದಲು, ಅರ್ಕಾವತ್ತು ಅದರ ನಂತರ. ಹಿಂದಿಯಲ್ಲಿ ಅದು ತಲೆ ಮೇಲೆ ಹತ್ತಿ ಕೂರುತ್ತದೆ. ಒಂದನೇ ಕ್ಲಾಸಿನ ಮೇಷ್ಟ್ರು ಸ್ಲೇಟಿನ ಮೇಲೆ ತಿದ್ದಿಸಿದ ಆ ನಿಯಮ ಜಗತ್ತಿನ ಅಷ್ಟೂ ಆಂಡ್ರಾಯ್ಡ್ ಫೋನುಗಳಿಗೆ ಹೋಗುತ್ತಿರುವುದು ಈ ಒಂದು ಸಾಲಿನಿಂದ. ಯಾರು ಬೇಕಾದರೂ ತೆರೆದು ಓದಬಹುದು. ಮುಚ್ಚಿಟ್ಟ ತಂತ್ರಾಂಶದಲ್ಲಿ ಇದು ಎಲ್ಲಿದೆ ಎಂದು ನೋಡಲು ನಮಗೆ ದಾರಿಯೇ ಇಲ್ಲ.

ಜೋಡಿಸುವವರು ಸರಿ ಇದ್ದರೂ ಕನ್ನಡ ಕೆಡುತ್ತದೆ, ಕೆಡಿಸುವುದು ನಮ್ಮ ಪ್ರೋಗ್ರಾಮರ್‌ಗಳು. ದಿನದ ಕಾಫಿ ಬೆಲೆ ಹಾಕುವ ಪುಟದಲ್ಲಿ ‘ಅರೇಬಿಕಾ ಪಾರ್ಚ್‌ಮೆಂಟ್’ ಎಂದು ಬರಬೇಕು. ಬಂದದ್ದು ‘ಪಾರ್ಚ್ಮೆಂಟ್’. ‘ಚ್’ ಮತ್ತು ‘ಮೆ’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಇಲ್ಲಿ ಒತ್ತು ಮಾಡಬೇಡ ಎಂದು ಹೇಳುವುದೇ ಅದರ ಕೆಲಸ. ಅರ್ಜಿಯಲ್ಲಿ ತುಂಬಿದ ಬರಹವನ್ನು ‘ಸ್ವಚ್ಛ’ ಮಾಡುವ ಕೋಡ್ ಬರೆದವರು ಕಾಣದ್ದೆಲ್ಲ ಕಸ ಎಂದು ತೆಗೆದುಹಾಕಿರುತ್ತಾರೆ. ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುವುದೂ ಇದರಿಂದಲೇ. ಇಂಗ್ಲಿಷಿಗೆ ಈ ಸಂಕೇತ ಬೇಕಿಲ್ಲ, ಹಾಗಾಗಿ ಅವರ ಪರೀಕ್ಷೆಯಲ್ಲಿ ಎಲ್ಲವೂ ಪಾಸಾಗುತ್ತದೆ.

ಇನ್ನು ಅಳತೆಯ ತೊಂದರೆ. ಕಂಪ್ಯೂಟರ್ ಜಾಗ ಅಳೆಯುವುದು ಬೈಟ್‌ಗಳಲ್ಲಿ. ಯೂನಿಕೋಡ್ ಸಂಕೇತಗಳನ್ನು ಕಡತದಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದು ಸಂಕೇತಕ್ಕೆ 3. ಇಂಗ್ಲಿಷಿನಲ್ಲಿ ಚಿಕ್ಕಮಗಳೂರು 14 ಬೈಟ್, ಕನ್ನಡದಲ್ಲಿ 33. ಊರಿನ ಹೆಸರಿಗೆ 20 ಬೈಟ್ ಸಾಕು ಎಂದು ಯಾರೋ ಮಿತಿ ಹಾಕಿದರೆ ‘ಚಿಕ್ಕಮ’ದವರೆಗೆ 18 ಬೈಟ್ ಮುಗಿಯುತ್ತದೆ. ‘ಗ’ದ ಮೂರರಲ್ಲಿ ಎರಡು ಬೈಟ್ ಒಳಗೆ, ಒಂದು ಹೊರಗೆ. ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರ ಬಂದು ಕೂರುತ್ತದೆ. ಆಗಲೂ ಕೇಳುವ ಮಾತು ಅದೇ, ‘ಫಾಂಟ್ ಹಾಕಿ’.

ಹುಡುಕಾಟದ ಕಥೆ ಇನ್ನೂ ವಿಚಿತ್ರ. ‘ಬೇಲೂರು’ ಎಂದು ಎರಡು ರೀತಿ ಬರೆದಿಡಬಹುದು. ಏಕಾರದ ಚಿಹ್ನೆ ಒಂದೇ ಸಂಕೇತವಾದರೆ ಒಟ್ಟು 6, ಎಕಾರ ಮತ್ತು ದೀರ್ಘ ಬೇರೆ ಬೇರೆಯಾದರೆ 7. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಇರಲ್ಲ. ಆದರೆ ಒಂದನ್ನು ಟೈಪ್ ಮಾಡಿ ಹುಡುಕಿದರೆ ಇನ್ನೊಂದು ಸಿಗಲ್ಲ. ಉಳಿಸುವ ಮುಂಚೆ ಮತ್ತು ಹುಡುಕುವ ಮುಂಚೆ ಎರಡನ್ನೂ ಒಂದೇ ರೂಪಕ್ಕೆ ತರಬೇಕು. ವೆಬ್ ಪುಟಗಳ ಪ್ರೋಗ್ರಾಂ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ಅದಕ್ಕೆ ನಾರ್ಮಲೈಸ್ ಎಂಬ ಸಿದ್ಧ ಆಜ್ಞೆ ಇದೆ. ಒಂದೇ ಪದ. ಅದನ್ನು ಬರೆಯದ ಕಾರಣಕ್ಕೆ ‘ಕನ್ನಡದಲ್ಲಿ ಸರ್ಚ್ ಕೆಲಸ ಮಾಡಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ.

ಎಲ್ಲ ತಪ್ಪೂ ಪ್ರೋಗ್ರಾಮರ್‌ಗಳದ್ದೇ ಅಂದರೆ ಅದೂ ಸರಿಯಲ್ಲ. ಬರಹವನ್ನು ಅಕ್ಷರ ಅಕ್ಷರವಾಗಿ ಬಿಡಿಸಲು ಯೂನಿಕೋಡ್‌ನಲ್ಲೇ ನಿಯಮ ಇದೆ. 2023ರಲ್ಲಿ ಬಂದ 15.1ನೇ ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯದೆ ಒಂದೇ ಅಕ್ಷರವಾಗಿ ಎಣಿಸುವ ಹೊಸ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಆ ಪಟ್ಟಿಗೆ ಬಂದವು. ಕನ್ನಡ ಬರಲಿಲ್ಲ. ಹಾಗಾಗಿ ಆ ನಿಯಮದ ಪ್ರಕಾರ ಎಣಿಸಿದರೆ ‘ಚಿಕ್ಕಮಗಳೂರು’ 6 ಅಕ್ಷರ ಅಲ್ಲ, 7. ‘ಕ್ಕ’ ಎರಡು ತುಂಡಾಗುತ್ತದೆ. ಒತ್ತಕ್ಷರದ ವಿಷಯದಲ್ಲಿ ನಮ್ಮ ಹಾಗೇ ಇರುವ ತೆಲುಗು ಒಳಗೆ, ನಾವು ಹೊರಗೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಇಂಥ ಬದಲಾವಣೆಗಳ ಕರಡನ್ನು ಯೂನಿಕೋಡ್‌ನವರು ಎಲ್ಲರ ಮುಂದಿಟ್ಟು ಅಭಿಪ್ರಾಯ ಕೇಳುತ್ತಾರೆ. ಕನ್ನಡ ಬಲ್ಲವರು ಓದಿ, ಉದಾಹರಣೆ ಕೊಟ್ಟು ಬರೆಯಬೇಕು.

ಬರೆದರೆ ಆಗುತ್ತದೆ ಅನ್ನುವುದಕ್ಕೆ ಹಾರ್ಫ್‌ಬಝ್‌ನ ಆ ಕಡತದಲ್ಲೇ ಸಾಕ್ಷಿ ಇದೆ. ‘ರ‍್ಯಾಲಿ’ ಎಂದು ಬರೆಯಲು ‘ರ’ ಆದ ಮೇಲೆ ಕಾಣದ ಇನ್ನೊಂದು ಸಂಕೇತ ಹಾಕಬೇಕು, ಆಮೇಲೆ ಹಲಂತ. ಇಲ್ಲದಿದ್ದರೆ ‘ರ್ಯಾಲಿ’ ಎಂದು ಅರ್ಕಾವತ್ತು ಬಂದುಬಿಡುತ್ತದೆ. ಆದರೆ ಹಳೆಯ ಕನ್ನಡ ಬರಹಗಳಲ್ಲಿ ಕೆಲವೆಡೆ ಈ ಕ್ರಮ ತಿರುಗುಮುರುಗು: ಹಲಂತ ಮೊದಲು, ಕಾಣದ ಸಂಕೇತ ಆಮೇಲೆ. ಈ ತೊಂದರೆ ಅವರ ದೂರುಗಳ ಪಟ್ಟಿಗೆ ಸೇರಿತು, 435ನೇ ಸಂಖ್ಯೆಯದು. ಕನ್ನಡದ ಹಳೆಯ ರೂಢಿಗಾಗಿ ಈ ಕ್ರಮವನ್ನೂ ಅದೇ ಎಂದು ತಿಳಿಯಬೇಕು ಎಂಬ ಟಿಪ್ಪಣಿಯೊಂದಿಗೆ ಕೋಡಿನಲ್ಲಿ ಕೆಲವು ಸಾಲು ಸೇರಿದವು. ಕನ್ನಡಕ್ಕೆಂದೇ ಬರೆದ ಸಾಲುಗಳು ಅವು.

ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಹುಡುಕುವವರು ಇಲ್ಲಿಂದ ಶುರು ಮಾಡಬಹುದು. ದೂರು ಬರೆಯುವಾಗ ‘ಕನ್ನಡ ಸರಿ ಬರ್ತಿಲ್ಲ’ ಅಂದರೆ ಯಾರಿಗೂ ಏನೂ ಗೊತ್ತಾಗಲ್ಲ. ಒಡೆದ ಪದವನ್ನು ಬರಹವಾಗಿಯೇ ಕೊಡಿ, ಅದರ ಸಂಕೇತಗಳ ಸಂಖ್ಯೆಗಳನ್ನು ಕ್ರಮವಾಗಿ ಬರೆಯಿರಿ, ಫಾಂಟಿನ ಹೆಸರು ಮತ್ತು ಆವೃತ್ತಿ ಹೇಳಿ. ಈಗ ಹೇಗೆ ಕಾಣುತ್ತಿದೆ ಎನ್ನುವುದಕ್ಕೆ ಒಂದು ಸ್ಕ್ರೀನ್‌ಶಾಟ್ ಸೇರಿಸಿ. ಹೇಗೆ ಕಾಣಬೇಕು ಎನ್ನುವುದನ್ನು ಕೈಯಲ್ಲಿ ಕಾಗದದ ಮೇಲೆ ಬರೆದು ಅದರ ಫೋಟೋ ಹಾಕಿ. ಓದುವವರಿಗೆ ಕನ್ನಡ ಬರುವುದಿಲ್ಲ, ಹಾಗಾಗಿ ಆ ಫೋಟೋ ಇಲ್ಲದೆ ಅವರಿಗೆ ಸರಿ ಯಾವುದು ಎಂದು ತಿಳಿಯುವುದು ಕಷ್ಟ.