ಕೈಗವಸು ಹಾಕಿಕೊಂಡರಷ್ಟೇ ಸಾಲದು

ಕೈಯೆಲ್ಲ ತುರಿಕೆ, ಬಿರುಕು ಎಂದು ಬರುವವರನ್ನು ನಾನು ಮೊದಲು ಕೇಳುವುದು ಇದನ್ನೇ: ರಜೆ ಹಾಕಿದಾಗ ಕಡಿಮೆಯಾಗುತ್ತದೆಯೇ? ಕೆಲಸ ಬಿಟ್ಟಾಗ ಚೇತರಿಸಿಕೊಂಡ ಚರ್ಮ ಕೆಲಸಕ್ಕೆ ಮರಳಿದ ಕೆಲವೇ ದಿನಗಳಲ್ಲಿ ಮತ್ತೆ ಕೆರಳಿದರೆ, ಅಲ್ಲಿ ಮುಟ್ಟುವ ಯಾವುದೋ ವಸ್ತುವೇ ಕಾರಣವಾಗಿರುವ ಸಂಭವ ಹೆಚ್ಚು. ಇದಕ್ಕೆ ಕಾಂಟ್ಯಾಕ್ಟ್ ಡರ್ಮಟೈಟಿಸ್ ಎನ್ನುತ್ತೇವೆ.

ಮುಟ್ಟಿದ ವಸ್ತು ಚರ್ಮವನ್ನು ನೇರವಾಗಿ ಸವೆಸುವುದು ಒಂದು ಬಗೆ, ದೇಹ ಅದರ ವಿರುದ್ಧ ಅಲರ್ಜಿ ಬೆಳೆಸಿಕೊಳ್ಳುವುದು ಇನ್ನೊಂದು. ಹೆಚ್ಚು ಕಾಣುವುದು ಮೊದಲನೆಯದು. ಅದಕ್ಕೆ ಘಾಟು ರಾಸಾಯನಿಕವೇ ಬೇಕೆಂದಿಲ್ಲ, ನೀರು ಮತ್ತು ಸೋಪು ಸಾಕು. ಚರ್ಮದ ಹೊರಪದರವನ್ನು ಬಿಗಿಯಾಗಿ ಹಿಡಿದಿಡುವ ಜಿಡ್ಡಿನಂಶ ಪ್ರತಿ ತೊಳೆತದಲ್ಲೂ ಸ್ವಲ್ಪ ಸ್ವಲ್ಪ ಕರಗಿಹೋಗುತ್ತದೆ. ನರ್ಸ್‌ಗಳು, ಕೂದಲು ತೊಳೆಯುವವರು, ಅಡುಗೆಯವರು, ಸ್ವಚ್ಛತಾ ಸಿಬ್ಬಂದಿ ಹೆಚ್ಚಾಗಿ ನರಳುವುದು ಇದರಿಂದಲೇ. ಬೆರಳ ಸಂದುಗಳಲ್ಲಿ, ಉಂಗುರದ ಕೆಳಗೆ ಸೋಪು ನಿಲ್ಲುವಲ್ಲಿ, ತೆಳುವಾಗಿ ಸಿಪ್ಪೆ ಏಳುವುದು ಇದರ ಮೊದಲ ಗುರುತು. ತಡೆಯಲು ಸರಿಯಾದ ಹೊತ್ತು ಅದೇ. ಒಡೆದ ಚರ್ಮದ ಮೂಲಕ ಅಲರ್ಜಿಕಾರಕಗಳು ಸಲೀಸಾಗಿ ಒಳಹೊಗುತ್ತವೆ, ಒಮ್ಮೆ ಹುಟ್ಟಿಕೊಂಡ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ.

ಇಲ್ಲಿ ಎಲ್ಲರೂ ಹೇಳುವ ಪರಿಹಾರ ಕೈಗವಸು. ಅದು ಬೇಕು, ಆದರೆ ಅದರ ಮೇಲೆ ಇಟ್ಟಿರುವ ನಂಬಿಕೆ ಅತಿಯಾಯಿತೆಂಬುದು ನನ್ನ ಅಭಿಪ್ರಾಯ. ಅಂಟು, ಉಗುರಿನ ಜೆಲ್ ಮುಂತಾದವುಗಳಲ್ಲಿರುವ ಅಕ್ರಿಲೇಟ್ ಎಂಬ ರಾಸಾಯನಿಕಗಳಲ್ಲಿ ಕೆಲವು ತೆಳ್ಳನೆಯ ಕೈಗವಸನ್ನು ನಿಮಿಷಗಳಲ್ಲೇ ದಾಟುತ್ತವೆ. ತೂತಿಲ್ಲ, ಕೈ ಒಣಗಿದಂತೆಯೇ ಇದೆ, ಆದರೂ ವಸ್ತು ಚರ್ಮಕ್ಕೆ ತಲುಪಿರುತ್ತದೆ. ಆದ್ದರಿಂದ ಯಾವ ರಾಸಾಯನಿಕಕ್ಕೆ ಯಾವ ಕೈಗವಸು, ಎಷ್ಟು ಹೊತ್ತು ಎಂಬುದನ್ನು ತಯಾರಕರ ಕೋಷ್ಟಕ ನೋಡಿಯೇ ನಿರ್ಧರಿಸಬೇಕು. ಒಳಗೆ ಬೆವರಿದರೆ ಅದೂ ಕೈಯನ್ನು ನೀರಿನಲ್ಲಿಟ್ಟಂತೆಯೇ. ಹೆಚ್ಚು ಹೊತ್ತು ಧರಿಸುವವರು ಒಳಗೆ ಹತ್ತಿಯ ಕೈಗವಸು ಹಾಕಿಕೊಂಡು, ಒದ್ದೆಯಾದಾಗ ಬದಲಿಸಲಿ. ಒಳಗೆ ಸಿಮೆಂಟೋ ಎಣ್ಣೆಯೋ ಸೇರಿದ ಕೈಗವಸಂತೂ ಬರಿಗೈಗಿಂತ ಕೆಟ್ಟದ್ದು, ಸೇರಿದ್ದನ್ನು ಗಂಟೆಗಟ್ಟಲೆ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಇನ್ನು ರಬ್ಬರಿನಲ್ಲಿರುವ ಥೈಯುರಾಮ್‌ನಂಥ ಪದಾರ್ಥಗಳಿಂದ ಕೈಗವಸಿಗೇ ಅಲರ್ಜಿ ಆಗುವುದೂ ಉಂಟು.

ಕೈಗವಸಿಗಿಂತ ಮೊದಲು ನೋಡಬೇಕಾದದ್ದು ವಸ್ತುವನ್ನೇ ಬದಲಿಸಲು ಆಗುತ್ತದೆಯೇ ಎಂದು. ಸಿಮೆಂಟ್ ಇದಕ್ಕೆ ಒಳ್ಳೆಯ ನಿದರ್ಶನ. ಕಲಸಿದ ಸಿಮೆಂಟಿನ ಪಿಎಚ್ 12ರಿಂದ 13, ಸುಡುವಷ್ಟು ಕ್ಷಾರ. ಅದರಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂ ಲೋಹದ ಒಂದು ರೂಪ, ಅಲರ್ಜಿಯನ್ನೂ ತರುತ್ತದೆ. ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ ಬೆರೆಸಿದರೆ ಆ ಕ್ರೋಮಿಯಂ ಚರ್ಮದೊಳಕ್ಕೆ ಸುಲಭವಾಗಿ ಇಳಿಯದ ರೂಪಕ್ಕೆ ಬದಲಾಗುತ್ತದೆ. ಯುರೋಪಿಯನ್ ಒಕ್ಕೂಟ 2005ರಿಂದ ಈ ಕ್ರೋಮಿಯಂಗೆ 2 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಎರಡು ಭಾಗ) ಮಿತಿ ಹಾಕಿದೆ. ಕೆಲಸಗಾರನ ಎಚ್ಚರವನ್ನೇ ನೆಚ್ಚದೆ ಚೀಲದೊಳಗೇ ಅಪಾಯ ತಗ್ಗಿಸುವ ಈ ದಾರಿ ನನಗೆ ಬಹಳ ಮೆಚ್ಚುಗೆ. ಹಳೆಯ ದಾಸ್ತಾನಿನಲ್ಲಿ ಮಾತ್ರ ಫೆರಸ್ ಸಲ್ಫೇಟಿನ ಗುಣ ಕುಂದುತ್ತದೆ, ಚೀಲದ ಮೇಲಿನ ಅವಧಿ ನೋಡಬೇಕು.

ಕೈ ತೊಳೆಯುವ ರೀತಿಯೂ ಬದಲಾಗಬೇಕು. ಥಿನ್ನರ್, ಪೆಟ್ರೋಲ್, ಸೀಮೆಎಣ್ಣೆಯಿಂದ ಕೈ ಉಜ್ಜುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ. ಬಣ್ಣವನ್ನೋ ಗ್ರೀಸನ್ನೋ ಅಡುಗೆ ಎಣ್ಣೆಯಿಂದ ಸಡಿಲಿಸಿ, ಸೌಮ್ಯ ಸೋಪಿನಿಂದ ತೊಳೆದು, ಸಂದುಗಳನ್ನು ಒತ್ತಿ ಒರೆಸಿ, ಸುವಾಸನೆಯಿಲ್ಲದ ದಪ್ಪ ಕ್ರೀಮ್ ಹಚ್ಚಿ. ಕೈ ಕೊಳೆಯಾಗಿಲ್ಲದಿದ್ದಾಗ, ಚರ್ಮ ಒಡೆದಿಲ್ಲದಿದ್ದರೆ, ಆಸ್ಪತ್ರೆಯಲ್ಲಿ ಆಲ್ಕೋಹಾಲ್ ದ್ರಾವಣ ಸೋಪಿಗಿಂತ ಮೃದು. ಉರಿಯುತ್ತದೆ ಎಂದು ಅದನ್ನು ಬಿಟ್ಟು ಮತ್ತೆ ಸೋಪಿಗೆ ಮರಳುವವರು ಬಹಳ. ಆ ಉರಿ ಚರ್ಮ ಈಗಾಗಲೇ ಬಿರಿದಿರುವುದರ ಸೂಚನೆ. ಕಣ್ಣಿಗೆ ವಾಸಿಯಾದಂತೆ ಕಂಡರೂ ಒಳಗಿನ ತಡೆಗೋಡೆ ಗಟ್ಟಿಯಾಗಲು ವಾರಗಳೇ ಬೇಕು, ಅಲ್ಲಿಯವರೆಗೆ ಆರೈಕೆ ಬಿಡಬಾರದು.

ಇಷ್ಟರ ಮೇಲೂ ತುರಿಕೆ ಹೋಗದಿದ್ದರೆ ಪ್ಯಾಚ್ ಟೆಸ್ಟ್ ಮಾಡಿಸಿ. ಶಂಕಿತ ವಸ್ತುಗಳನ್ನು ಬೆನ್ನಿಗೆ 48 ಗಂಟೆ ಅಂಟಿಸಿಟ್ಟು, ತೆಗೆದಾಗ ಒಮ್ಮೆ, ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತೇವೆ. ಬರುವಾಗ ಬಳಸುವ ಎಲ್ಲ ಡಬ್ಬಿಗಳ ಲೇಬಲ್ ಫೋಟೋ, ಸುರಕ್ಷತಾ ಮಾಹಿತಿ ಪತ್ರ, ಕೈಗವಸಿನ ಪೊಟ್ಟಣವನ್ನೂ ತನ್ನಿ.