ಯಾರು ಯಾರನ್ನು ಕೇಳಿದರು?

ಕೆಲವು ತಿಂಗಳ ಹಿಂದೆ ಒಬ್ಬ ಹುಡುಗಿ ನನ್ನ ಸಮಾಲೋಚನೆ ಕೋಣೆಗೆ ಬಂದಳು. ಡಿಗ್ರಿ ಕೊನೆಯ ವರ್ಷ, ವಯಸ್ಸು 20. ಅವಳು ಪ್ರೀತಿಸುತ್ತಿರುವವರಿಗೆ 43. (ಇಲ್ಲಿ ಬರುವ ಎಲ್ಲರ ವಿವರಗಳನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ.) ಮನೆಯಲ್ಲಿ ಗೊತ್ತಾಗಿ ದೊಡ್ಡ ರಂಪ ಆಗಿತ್ತು. ಅವಳಮ್ಮ ಹೊರಗೆ ಬೆಂಚಿನ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಹುಡುಗಿ ಒಳಗೆ ಬಂದವಳೇ ಮೊಬೈಲ್ ತೆಗೆದು ಯಾವುದೋ ಸಿನಿಮಾದ ಒಂದು ದೃಶ್ಯ ಹಾಕಿದಳು. "ನೋಡಿ ಮೇಡಂ, ನಮ್ಮದೂ ಹೀಗೇ" ಅಂದಳು.

ಇಬ್ಬರೂ ಕೂತು ನೋಡಿದೆವು. ನಾಲ್ಕು ನಿಮಿಷದ ದೃಶ್ಯ. ನಡುವಯಸ್ಸಿನ ನಾಯಕ ಕಿಟಕಿ ಹತ್ತಿರ ನಿಂತು ತನ್ನ ಕಥೆ ಹೇಳುತ್ತಾನೆ. ತೀರಿಕೊಂಡ ಹೆಂಡತಿ, ಖಾಲಿ ಮನೆ, ನಿದ್ದೆ ಬಾರದ ರಾತ್ರಿಗಳು. ಹುಡುಗಿ ಕಣ್ಣು ತುಂಬಿಕೊಂಡು ಕೇಳುತ್ತಾಳೆ. ಚೆನ್ನಾಗಿಯೇ ಇತ್ತು, ನನಗೂ ಗಂಟಲು ಕಟ್ಟಿತು. ಮುಗಿದ ಮೇಲೆ ಒಂದೇ ಪ್ರಶ್ನೆ ಹಾಕಿದೆ. "ಇದರಲ್ಲಿ ಆ ಹುಡುಗಿ ತನ್ನ ಬಗ್ಗೆ ಏನು ಹೇಳ್ಕೊಂಡಳು?"

ಅವಳು ಹಿಂದಕ್ಕೆ ಎಳೆದು ಇನ್ನೊಂದು ಸಲ ನೋಡಿದಳು. ಏನೂ ಇರಲಿಲ್ಲ.

ತುಮಕೂರಿನಲ್ಲಿ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತಾ ಎಷ್ಟೋ ಜೋಡಿಗಳ ಎದುರು ಕೂತಿದ್ದೇನೆ. ವಯಸ್ಸಿನ ಅಂತರ ಜಾಸ್ತಿ ಇರುವ ಜೋಡಿಗಳೂ ಬರುತ್ತಾರೆ. ಸಿನಿಮಾದಲ್ಲಿ ತೋರಿಸುವ ಇಂಥ ಪ್ರೀತಿ ನಿಜವಾ ಅಂತ ಅವರಲ್ಲಿ ಹಲವರು ಕೇಳುತ್ತಾರೆ. ಕೆಲವು ಸಿನಿಮಾಗಳಲ್ಲಿ ನಿಜವೇ. ಅದು ಗೊತ್ತಾಗುವುದು ವರ್ಷದ ಲೆಕ್ಕದಿಂದಲ್ಲ. ಕನ್ನಡದಲ್ಲಿ 'ಕೇಳು' ಅಂದರೆ ಕಿವಿಗೊಡು ಅಂತಲೂ ಹೌದು, ಪ್ರಶ್ನೆ ಹಾಕು ಅಂತಲೂ ಹೌದು, ಅಲ್ವಾ? ಇಬ್ಬರಲ್ಲಿ ಒಬ್ಬರು ಬರೀ ಕಿವಿಗೊಡುತ್ತಾ, ಇನ್ನೊಬ್ಬರು ಬರೀ ಹೇಳಿಕೊಳ್ಳುತ್ತಾ ಇದ್ದರೆ ನನಗೆ ಅನುಮಾನ ಬರುತ್ತದೆ.

ನಮ್ಮ ಸೀಮೆಗೆ ವಯಸ್ಸಿನ ಅಂತರ ಹೊಸದಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವುದು ಶಿರಾ, ಮಧುಗಿರಿ, ಪಾವಗಡದ ಕಡೆ ಎಷ್ಟೋ ಮನೆಗಳಲ್ಲಿ ನಡೆದುಬಂದದ್ದು. ತೊಟ್ಟಿಲು ತೂಗಿದ ಸೋದರಮಾವನೇ ಮುಂದೆ ಗಂಡ. ನನ್ನ ಅಜ್ಜಿಗೂ ತಾತನಿಗೂ 16 ವರ್ಷ ಅಂತರವಿತ್ತು. ತಾತ ಸಂತೆಯಿಂದ ಬರುವಾಗ ಅಜ್ಜಿಗೆ ಅಂತ ಎಳೇ ವೀಳ್ಯದೆಲೆ ಆರಿಸಿ ತರುತ್ತಿದ್ದರು. ಅಜ್ಜಿ ಕೊನೆಯ ತನಕ ಅವರ ಹೆಸರು ಹೇಳಲಿಲ್ಲ. ಪ್ರೀತಿ ಇತ್ತಾ ಅಂದರೆ ಖಂಡಿತ ಇತ್ತು. ಆದರೆ ಮದುವೆಗೆ ಮುಂಚೆ ಅಜ್ಜಿಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಈ ಎರಡೂ ಒಂದೇ ಮನೆಯಲ್ಲಿ ಇರಲು ಸಾಧ್ಯ. ಅದಕ್ಕೇ ಸಿನಿಮಾ ನೋಡುವಾಗಲೂ ಕಣ್ಣೀರು ಬಂತು ಅನ್ನುವುದೊಂದನ್ನೇ ನಾನು ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ.

ಒಂದು ಗೆರೆಯನ್ನು ಮಾತ್ರ ಮೊದಲೇ ಎಳೆದುಬಿಡುತ್ತೇನೆ. ಹದಿನೆಂಟು ತುಂಬದವರ ವಿಷಯದಲ್ಲಿ ಈ ಚರ್ಚೆಯೇ ಇಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇದೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಇದೆ. ಸ್ಕೂಲ್ ಯೂನಿಫಾರ್ಮ್ ಹಾಕಿದ ಹುಡುಗಿಯ ಹಿಂದೆ ದೊಡ್ಡ ಗಂಡಸು ಸುತ್ತುವುದನ್ನು ಹಾಡು ಹಾಕಿ ಚಂದ ಮಾಡಿ ತೋರಿಸಿದರೂ ಅದನ್ನು ಪ್ರೀತಿ ಅಂತ ನಾನು ಒಪ್ಪುವುದಿಲ್ಲ.

ಇನ್ನೊಂದು ಗೊಂದಲ ಬಿಡಿಸಬೇಕು. ನಟರ ವಯಸ್ಸಿನ ಅಂತರ ಬೇರೆ, ಪಾತ್ರಗಳ ಅಂತರ ಬೇರೆ. 'ಶಬ್ದವೇಧಿ' ಬಂದದ್ದು 2000ದಲ್ಲಿ. 1929ರಲ್ಲಿ ಹುಟ್ಟಿದ ಡಾ. ರಾಜ್‌ಕುಮಾರ್ ಅವರಿಗೆ ಆಗ ಸುಮಾರು 71, 1962ರಲ್ಲಿ ಹುಟ್ಟಿದ ಜಯಪ್ರದಾ ಅವರಿಗೆ ಸುಮಾರು 38. ನಾವು ಅದನ್ನು ವಯಸ್ಸಿನ ಅಂತರದ ಪ್ರೇಮಕಥೆ ಅಂತ ನೋಡಲೇ ಇಲ್ಲ. ನಾಟಕ ಕಂಪನಿಗಳ ನೆಲ ನಮ್ಮದು, ಗುಬ್ಬಿ ಇಲ್ಲೇ ಪಕ್ಕದಲ್ಲಿದೆ. ಬಣ್ಣ ಹಚ್ಚಿದ ಮೇಲೆ ವಯಸ್ಸು ಕೇಳಬಾರದು ಅನ್ನುವ ಅಭ್ಯಾಸ ನಮಗೆ ರಂಗದಿಂದಲೇ ಬಂದಿರಬೇಕು. ಅದು ಅಭಿಮಾನದ ವಿಷಯ. ನಾನು ಮಾತಾಡುತ್ತಿರುವುದು ಕಥೆಯೇ ವಯಸ್ಸನ್ನು ಒಪ್ಪಿಕೊಂಡು ಎದುರಿಸುವ ಸಿನಿಮಾಗಳ ಬಗ್ಗೆ.

ಅಂಥದ್ದರಲ್ಲಿ 2007ರ ಹಿಂದಿ ಸಿನಿಮಾ 'ಚೀನಿ ಕಮ್' ನನಗೆ ಇಷ್ಟ. ಅಮಿತಾಭ್ ಬಚ್ಚನ್ ಪಾತ್ರಕ್ಕೆ 64, ತಬು ಪಾತ್ರಕ್ಕೆ 34. ಲಂಡನ್ನಿನಲ್ಲಿ ಅವನದೊಂದು ಹೋಟೆಲ್. ಅಡುಗೆ ವಿಷಯದಲ್ಲಿ ತಾನೇ ದೊಡ್ಡವನು ಅನ್ನುವ ಗರ್ವ. ಅವಳು ಊಟಕ್ಕೆ ಬಂದು ಪಲಾವನ್ನು ವಾಪಸ್ ಕಳಿಸುತ್ತಾಳೆ. ಅವನು ರೇಗುತ್ತಾನೆ. ಆಮೇಲೆ ನೋಡಿದರೆ ಅಡುಗೆಮನೆಯಲ್ಲಿ ಉಪ್ಪಿನ ಬದಲು ಸಕ್ಕರೆ ಬಿದ್ದಿದೆ. ಅವಳು ಹೇಳಿದ್ದೇ ಸರಿ. ಅವನು ಸೋಲಬೇಕಾಗುತ್ತದೆ. ಈ ಸೋಲು ನನಗೆ ಮುಖ್ಯ ಅನ್ನಿಸುತ್ತದೆ. ಚಿಕ್ಕವರ ಮಾತು ಸರಿ ಇದ್ದಾಗ ದೊಡ್ಡವರು ಸೋಲೊಪ್ಪಿಕೊಳ್ಳುವ ಒಂದು ದೃಶ್ಯವಾದರೂ ಇದ್ದರೆ, ಅಲ್ಲಿ ಸಂಬಂಧಕ್ಕೆ ಜಾಗ ಇದೆ. ಅವಳು ಅವನ ಒಂಟಿತನಕ್ಕೆ ಔಷಧಿಯಾಗಿ ಬಂದವಳಲ್ಲ. ಅವಳಿಗೊಂದು ರುಚಿ ಇದೆ, ಹಟ ಇದೆ, ಊರಲ್ಲಿ ಅಪ್ಪ ಇದ್ದಾರೆ. ಆ ಅಪ್ಪ ಅಳಿಯನಾಗುವವನಿಗಿಂತ ಚಿಕ್ಕವರು ಅನ್ನುವ ಕಷ್ಟವನ್ನೂ ಸಿನಿಮಾ ಮುಚ್ಚಿಡುವುದಿಲ್ಲ.

ಪುಟ್ಟಣ್ಣ ಕಣಗಾಲರ 'ಮಾನಸ ಸರೋವರ' (1982) ನನ್ನ ವೃತ್ತಿಗೇ ಹತ್ತಿರದ್ದು. ಮನೋವೈದ್ಯನೊಬ್ಬ ತಾನು ವಾಸಿ ಮಾಡಿದ ಹುಡುಗಿಯನ್ನು ಪ್ರೀತಿಸತೊಡಗುತ್ತಾನೆ. ಅವಳ ಮನಸ್ಸು ಅವನ ಮನೆಯವನೇ ಆದ ಯುವಕನ ಕಡೆ ಹೋಗುತ್ತದೆ. ಕೊನೆಗೆ ವೈದ್ಯನೇ ಮನಸ್ಸಿನ ಹಿಡಿತ ಕಳೆದುಕೊಳ್ಳುತ್ತಾನೆ. ವೈದ್ಯನ ಪಾತ್ರದ ಶ್ರೀನಾಥ್ ಅವರ ಮುಖ ನೋಡಿ ಅಯ್ಯೋ ಅನ್ನಿಸದವರು ಇಲ್ಲ. ಆದರೆ ವಾಸಿ ಮಾಡಿದವರ ಮೇಲೆ ಹುಟ್ಟುವ ಕೃತಜ್ಞತೆ ಎಷ್ಟು ಗಾಢವಾಗಿರುತ್ತದೆ, ಅದನ್ನು ಪ್ರೀತಿ ಅಂದುಕೊಳ್ಳುವುದು ಎಷ್ಟು ಸುಲಭ ಅನ್ನುವುದು ನಮಗೆ ದಿನನಿತ್ಯದ ವಿಷಯ. ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ 1915ರಲ್ಲೇ ಇದರ ಬಗ್ಗೆ ಬರೆದ. ಇಂಥ ಸಂಬಂಧ ಕೂಡದು ಅನ್ನುವುದು ನಮ್ಮ ವೃತ್ತಿಯ ನಿಯಮ. ಗುರು, ಬಾಸ್, ಆಶ್ರಯ ಕೊಟ್ಟವರು ಇಲ್ಲೆಲ್ಲಾ ಇದೇ ಮಾತು. ಸಹಾಯ ಪಡೆದವಳು ಬೇಡ ಅಂದರೆ ಅವಳು ಕಳೆದುಕೊಳ್ಳುವುದೇನು ಅಂತ ಲೆಕ್ಕ ಹಾಕಿ ನೋಡಬೇಕು. ಪುಟ್ಟಣ್ಣ ಆ ಹುಡುಗಿಯನ್ನು ಕೃತಜ್ಞತೆಗೆ ಕಟ್ಟಿಹಾಕಲಿಲ್ಲ, ತನಗೆ ಬೇಕಾದವನನ್ನು ಪ್ರೀತಿಸಲು ಬಿಟ್ಟರು. ಅದು ಅವರ ದೊಡ್ಡತನ.

ಹೆಣ್ಣು ದೊಡ್ಡವಳಾದರೆ ನಮ್ಮ ಸಿನಿಮಾ ಅವಳಿಗೆ ಬೇರೆಯದೇ ನ್ಯಾಯ ಕೊಡುತ್ತದೆ. 'ಎಡಕಲ್ಲು ಗುಡ್ಡದ ಮೇಲೆ' (1973) ಸಿನಿಮಾದಲ್ಲಿ ಜಯಂತಿ ಅವರ ಮಾಧವಿ, ತನಗಿಂತ ಚಿಕ್ಕ ಹುಡುಗನ ಕಡೆ ಸೆಳೆಯಲ್ಪಡುತ್ತಾಳೆ. ಆ ಕಾಲಕ್ಕೆ ಅದು ತುಂಬಾ ಧೈರ್ಯದ ಪಾತ್ರ, ಅವಳ ಒದ್ದಾಟ ಅಷ್ಟೂ ನಿಜ. ಆದರೂ ಕಥೆ ನಿಲ್ಲುವುದು ದುರಂತದಲ್ಲಿ. ನಡುವಯಸ್ಸಿನ ಗಂಡಿಗೆ ಸಿಗುವ ಎರಡನೇ ವಸಂತ ಹೆಣ್ಣಿಗೆ ಸಿಗುವುದು ಅಪರೂಪ.

ನನ್ನ ಹತ್ತಿರ ಬಂದ ಒಂದು ಜೋಡಿಯಲ್ಲಿ ಆಕೆಗೆ 47, ಆತನಿಗೆ 36. ಮದುವೆಯಾಗಿ ಮೂರು ವರ್ಷ. ಆಕೆ ಇದ್ದಕ್ಕಿದ್ದಂತೆ ಜೊತೆಯಲ್ಲಿ ಹೊರಗೆ ಬರುವುದನ್ನೇ ಬಿಟ್ಟಿದ್ದರು. ಯಾಕೆ ಅಂತ ಆತನಿಗೆ ಗೊತ್ತಿಲ್ಲ, ಬೇಸರವಾಗಿದೆ ಅಂದುಕೊಂಡಿದ್ದರು. ಮೂರನೇ ಭೇಟಿಯಲ್ಲಿ ಆಕೆ ಬಾಯಿಬಿಟ್ಟರು. ಕೊರಟಗೆರೆ ಬಸ್ಸಿನಲ್ಲಿ ಕಂಡಕ್ಟರ್ ಫ್ರೀ ಟಿಕೆಟ್ ಹರಿಯುವ ಮುಂಚೆ ಆತನ ಕಡೆ ತಿರುಗಿ, "ನಿಮ್ಮಮ್ಮನ ಆಧಾರ್ ತೋರ್ಸಪ್ಪ" ಅಂದಿದ್ದ. ಆತ ಕಿಟಕಿ ಆಚೆ ನೋಡುತ್ತಿದ್ದರು, ಕೇಳಿಸಿರಲಿಲ್ಲ. ಆಕೆ ಎಂಟು ತಿಂಗಳು ಅದನ್ನು ಒಳಗೇ ಇಟ್ಟುಕೊಂಡಿದ್ದರು. ಹೇಳಿ ಮುಗಿಸಿದ ಮೇಲೆ ಆತ ಸಮಾಧಾನದ ಮಾತೇನೂ ಆಡಲಿಲ್ಲ. "ಆವತ್ತು ಮನೆಗೆ ಹೋದ್ಮೇಲೆ ಏನು ಮಾಡಿದ್ರಿ?" ಅಂತ ಕೇಳಿದರು. ಕನ್ನಡಿ ಮುಂದೆ ಕೂತಿದ್ದೆ ಅಂದರು ಆಕೆ. ಆತ ಮತ್ತೆ ಕೇಳಿದರು, ಆಕೆ ಹೇಳುತ್ತಾ ಹೋದರು. ನನ್ನ ಕೆಲಸ ಆವತ್ತು ಸುಮ್ನೆ ಕೂರುವುದಷ್ಟೇ ಆಗಿತ್ತು. ಇಂಥದ್ದೊಂದು ದೃಶ್ಯವನ್ನು ಯಾರಾದರೂ ತೆರೆಗೆ ತರಲಿ ಅಂತ ನನಗೆ ನಿಜವಾಗಿಯೂ ಆಸೆ ಇದೆ.

ಕನ್ನಡದವರಿಗೆ ಇನ್ನೊಂದು ಗುರುತೂ ಇದೆ. ನಾಯಕಿ 'ನೀವು' ಅನ್ನುತ್ತಾಳೆ, ನಾಯಕ 'ನೀನು' ಅನ್ನುತ್ತಾನೆ. ಗೌರವ ಅಂತ ಬಿಡಬಹುದು, ನಮ್ಮ ಮನೆಗಳಲ್ಲೂ ಹಾಗೇ ನಡೆಯುತ್ತದೆ. ಆದರೆ ಸಿಟ್ಟು ಬಂದಾಗಲೂ ಅವಳ ಧ್ವನಿ ಏರುವುದಿಲ್ಲ, ತನ್ನ ಓದು, ಗೆಳತಿಯರು, ಸಂಬಳ ಯಾವುದರ ಮಾತೂ ಬರುವುದಿಲ್ಲ ಅಂದರೆ ಕತೆಗಾರ ಅವಳಿಗೆ ಬದುಕನ್ನೇ ಕೊಟ್ಟಿಲ್ಲ ಅಂತ ಅರ್ಥ. ಸಿನಿಮಾ ತಾಳಿ ಕಟ್ಟುವಲ್ಲಿಗೆ ಮುಗಿಯುತ್ತದೆ. ನನ್ನ ಹತ್ತಿರ ಬರುವವರ ಕಥೆ ಅಲ್ಲಿಂದ ಹತ್ತು ವರ್ಷ ಆದಮೇಲೆ ಶುರುವಾಗುತ್ತದೆ. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಈಗಷ್ಟೇ ಪ್ರಮೋಷನ್.

ಆ ಹುಡುಗಿಗೆ ಬಿಟ್ಟುಬಿಡು ಅಂತಲೂ ಹೇಳಲಿಲ್ಲ, ಮದುವೆಯಾಗು ಅಂತಲೂ ಹೇಳಲಿಲ್ಲ. ಅವಳಿಗೆ ಇಪ್ಪತ್ತಾಗಿದೆ, ತೀರ್ಮಾನ ಅವಳದು. ಅವರು ನಿನ್ನನ್ನು ಏನೇನು ಕೇಳುತ್ತಾರೆ ಅಂತ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡು ಅಂದೆ. ಅವಳಮ್ಮನಿಗೂ ಅದೇ ಎರಡು ವಾರ ಬೈಯುವುದನ್ನು ನಿಲ್ಲಿಸಿ, ಮಗಳನ್ನು ದಿನಕ್ಕೊಂದು ವಿಷಯ ಕೇಳಿ ಅಂದೆ.

ಎರಡು ವಾರದ ನಂತರ ಅವಳು ಒಬ್ಬಳೇ ಬಂದಳು. ಪುಸ್ತಕ ತೆರೆದು ನನ್ನ ಕಡೆ ತಿರುಗಿಸಿದಳು. 'ಎಲ್ಲಿದ್ದೀಯ', 'ಯಾರ ಜೊತೆ ಇದ್ದೀಯ', 'ಯಾಕೆ ಫೋನ್ ತೆಗೀಲಿಲ್ಲ' ಅನ್ನುವುದೇ ಪುಟ ತುಂಬಾ. "ಮುಂದಿನ ತಿಂಗಳು ನನ್ನ ಕೊನೇ ಸೆಮಿಸ್ಟರ್ ಪರೀಕ್ಷೆ ಮೇಡಂ" ಅಂದಳು. "ಅಮ್ಮ ಕೇಳಿದ್ರು. ಅವರು ಇನ್ನೂ ಕೇಳಿಲ್ಲ."