ಹಳೆ ಕಾರಿನ ವ್ಯಾಕ್ಯೂಮ್ ಲೀಕ್: ಮೊದಲು ಮುಚ್ಚಿ ನೋಡಿ, ಆಮೇಲೆ ಸ್ಪ್ರೇ

ಕಾರ್ಬುರೇಟರ್ ಇರುವ ಹಳೆ ಎಂಜಿನ್‌ಗಳನ್ನು ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ಕಾರ್ಬುರೇಟರ್‌ನ ಕೆಲಸ ಗೊತ್ತಿದೆ ಅಂದುಕೊಂಡೇ ಶುರು ಮಾಡುತ್ತೇನೆ. ನನ್ನ ತಲೆಗೆ ಹತ್ತಲು ತುಂಬಾ ಹೊತ್ತು ಹಿಡಿದದ್ದು ಸ್ಪ್ರೇ ಪರೀಕ್ಷೆಯ ಭಾಗ. ಅದಕ್ಕೇ ಅದು ಉಳಿದದ್ದಕ್ಕಿಂತ ಉದ್ದವಾಗಿದೆ.

ಐಡ್ಲಿಂಗ್‌ನಲ್ಲಿ ಮಾತ್ರ ಯಾಕೆ ಕಾಟ?

ಐಡ್ಲಿಂಗ್‌ನಲ್ಲಿ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಪಿಸ್ಟನ್‌ಗಳು ಎಳೆಯುತ್ತಲೇ ಇರುತ್ತವೆ. ಹಾಗಾಗಿ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ ಜೋರಾದ ಎಳೆತ ಹುಟ್ಟುತ್ತದೆ. ಥ್ರಾಟಲ್‌ನಿಂದ ಕೆಳಗೆ ಎಲ್ಲಿ ಸಂದಿ ಇದ್ದರೂ ಅಲ್ಲಿಂದ ಗಾಳಿ ನುಗ್ಗುತ್ತದೆ. ಆ ಗಾಳಿಗೆ ಕಾರ್ಬುರೇಟರ್ ಪೆಟ್ರೋಲ್ ಬೆರೆಸಿರುವುದಿಲ್ಲ. ಇದೇ ವ್ಯಾಕ್ಯೂಮ್ ಲೀಕ್.

ಲೆಕ್ಕ ಹಾಕಿ ನೋಡೋಣ. ಸರಿಯಾದ ಮಿಶ್ರಣದಲ್ಲಿ ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲ್‌ಗೆ 14.7 ಪಾಲು ಗಾಳಿ. ಕಾರ್ಬುರೇಟರ್ ಮೂಲಕ 100 ಪಾಲು ಗಾಳಿ ಬರುವಾಗ ಸಂದಿಯಿಂದ ಇನ್ನೂ 15 ಪಾಲು ಸೇರಿತು ಅಂದುಕೊಳ್ಳಿ. ಪೆಟ್ರೋಲ್ ಅಷ್ಟೇ ಇದೆ. ಈಗ ಅನುಪಾತ ಸುಮಾರು 16.9. ಹಳೆ ಎಂಜಿನ್ ಇಷ್ಟು ಲೀನ್ ಆದರೆ, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾದರೆ, ಐಡ್ಲಿಂಗ್‌ನಲ್ಲಿ ನಡುಗುತ್ತದೆ, ಮಿಸ್ ಹೊಡೆಯುತ್ತದೆ, ಕೆಲವೊಮ್ಮೆ ಆಫ್ ಆಗುತ್ತದೆ. ಥ್ರಾಟಲ್ ಪೂರ್ತಿ ತೆರೆದಾಗ ಕಾರ್ಬುರೇಟರ್ ಮೂಲಕ ಬರುವ ಗಾಳಿ ಎಷ್ಟೋ ಪಟ್ಟು ಜಾಸ್ತಿ, ಮ್ಯಾನಿಫೋಲ್ಡ್‌ನ ಎಳೆತ ಹತ್ತಿರಹತ್ತಿರ ಸೊನ್ನೆ. ಅದೇ ಸಂದಿ ಆಗ ಲೆಕ್ಕಕ್ಕೇ ಬರುವುದಿಲ್ಲ. ರಸ್ತೆಯಲ್ಲಿ ಚೆನ್ನಾಗಿ ಓಡುವ ಕಾರು ಸಿಗ್ನಲ್‌ನಲ್ಲಿ ನಿಂತಾಗ ಒದ್ದಾಡಿದರೆ ಮೊದಲ ಅನುಮಾನ ಇಲ್ಲಿಗೇ ಬರಬೇಕು. ಐಡ್ಲಿಂಗ್‌ನ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತಿರುಗಿಸಿದರೂ ಎಂಜಿನ್ ಸರಿಯಾಗಿ ಸ್ಪಂದಿಸದಿದ್ದರೆ ಅನುಮಾನ ಇನ್ನೂ ಗಟ್ಟಿ.

ಗೇಜ್ ಹೇಳುವುದು ಎಷ್ಟು

ಎಂಜಿನ್ ಪೂರ್ತಿ ಬಿಸಿಯಾಗಲಿ, ಚೋಕ್ ತೆರೆದಿರಲಿ. ವ್ಯಾಕ್ಯೂಮ್ ಗೇಜನ್ನು ಥ್ರಾಟಲ್‌ನ ಕೆಳಗಿನ, ಅಂದರೆ ಮ್ಯಾನಿಫೋಲ್ಡ್ ಕಡೆಯ ಕಿಂಡಿಗೆ ಹಾಕಿ. ಮೇಲಿನ ಕಿಂಡಿಗೆ ಹಾಕಿದರೆ ಐಡ್ಲಿಂಗ್‌ನಲ್ಲಿ ಎಳೆತವೇ ಕಾಣುವುದಿಲ್ಲ. ಬೆರಳಿಟ್ಟು ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಆರೋಗ್ಯವಾಗಿರುವ ಎಂಜಿನ್ ಸಮುದ್ರ ಮಟ್ಟದಲ್ಲಿ ಸಾಮಾನ್ಯವಾಗಿ 17ರಿಂದ 21 ಇಂಚು ಪಾದರಸ ತೋರಿಸುತ್ತದೆ. ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು 1 ಇಂಚು ಕಳೆಯಿರಿ. ಮುಳ್ಳು ಕೆಳಗೆ ಅಲ್ಲಾಡದೆ ನಿಂತಿದ್ದರೆ ಲೀಕ್ ಇರಬಹುದು. ಆದರೆ ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೂ, ಅಂದರೆ ಪ್ಲಗ್‌ನ ಕಿಡಿ ತಡವಾಗಿ ಬರುತ್ತಿದ್ದರೂ, ಮುಳ್ಳು ಹೀಗೇ ನಿಲ್ಲುತ್ತದೆ. ಬರೀ ಗೇಜ್ ನೋಡಿ ತೀರ್ಪು ಕೊಡಬೇಡಿ.

ನನ್ನ ಇಷ್ಟದ ದಾರಿ: ಎಲ್ಲಾ ಹೋಸ್ ಮುಚ್ಚಿಬಿಡುವುದು

ತುಂಬಾ ಜನ ನೇರವಾಗಿ ಸ್ಪ್ರೇ ಡಬ್ಬಿ ಕೈಗೆತ್ತಿಕೊಳ್ಳುತ್ತಾರೆ. ಅದಕ್ಕಿಂತ ಮೊದಲು ಮ್ಯಾನಿಫೋಲ್ಡ್‌ಗೆ ಬರುವ ಹೋಸ್‌ಗಳನ್ನೆಲ್ಲ ಬುಡದಲ್ಲೇ ಬಿಚ್ಚಿ ಕಿಂಡಿಗಳಿಗೆ ರಬ್ಬರ್ ಕ್ಯಾಪ್ ಹಾಕಿ: ಬ್ರೇಕ್ ಬೂಸ್ಟರ್, ಪಿಸಿವಿ (ಎಂಜಿನ್ ಒಳಗಿನ ಆವಿಯನ್ನು ಮ್ಯಾನಿಫೋಲ್ಡ್‌ಗೆ ಎಳೆಯುವ ವಾಲ್ವ್), ಡಿಸ್ಟ್ರಿಬ್ಯೂಟರ್ ಅಡ್ವಾನ್ಸ್ (ಎಳೆತದಿಂದ ಟೈಮಿಂಗ್ ಮುಂದಕ್ಕೆ ತರುವ ಭಾಗ), ಕೆಲವು ಕಾರುಗಳಲ್ಲಿ ವೈಪರ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಮಾಡ್ಯುಲೇಟರ್. ಬೂಸ್ಟರ್ ಮುಚ್ಚಿದಾಗ ಬ್ರೇಕ್ ಗಟ್ಟಿಯಾಗುತ್ತದೆ, ಈ ಸ್ಥಿತಿಯಲ್ಲಿ ಕಾರನ್ನು ಓಡಿಸಬೇಡಿ.

ಈಗ ಸ್ಟಾರ್ಟ್ ಮಾಡಿ. ಎಂಜಿನ್ ನಯವಾಗಿ, ಮುಳ್ಳು ಮೇಲೇರಿದರೆ ತೊಂದರೆ ಯಾವುದೋ ಹೋಸ್‌ನಲ್ಲಿದೆ, ಇಲ್ಲವೇ ಅದರ ತುದಿಯ ಭಾಗದಲ್ಲಿದೆ. ಒಂದೊಂದನ್ನೇ ಮರಳಿ ಜೋಡಿಸುತ್ತಾ ಹೋಗಿ. ಯಾವುದನ್ನು ಹಾಕಿದಾಗ ಮುಳ್ಳು ಬೀಳುತ್ತದೋ ಅದೇ ಕಳ್ಳ. ಏನೂ ಬದಲಾಗದಿದ್ದರೆ ಉಳಿದದ್ದು ಗ್ಯಾಸ್ಕೆಟ್‌ಗಳು ಮತ್ತು ಥ್ರಾಟಲ್ ಸ್ಪಿಂಡಲ್ (ಥ್ರಾಟಲ್ ತಟ್ಟೆಯನ್ನು ತಿರುಗಿಸುವ ಕಡ್ಡಿ). ಅರ್ಧ ಹುಡುಕಾಟ ಒಂದೇ ಏಟಿಗೆ ಮುಗಿಯುತ್ತದೆ, ಅದಕ್ಕೇ ನನಗೆ ಈ ದಾರಿ ಇಷ್ಟ.

ಎರಡು ಕಡೆ ಎಚ್ಚರ ಬೇಕು. ಪಿಸಿವಿ ಅನ್ನೋದು ಬೇಕೆಂದೇ ಇಟ್ಟಿರುವ ಲೀಕ್. ಕಾರ್ಬುರೇಟರನ್ನು ಅದರ ಗಾಳಿಯನ್ನೂ ಲೆಕ್ಕಕ್ಕೆ ಹಿಡಿದೇ ಹೊಂದಿಸಿರುತ್ತಾರೆ. ಮುಚ್ಚಿದರೆ ಆರ್‌ಪಿಎಂ ಸ್ವಲ್ಪ ಇಳಿಯುವುದು ಸಹಜ. ಇನ್ನು ಅಡ್ವಾನ್ಸ್ ಹೋಸ್ ಮ್ಯಾನಿಫೋಲ್ಡ್ ಕಡೆಯಿಂದ ಬಂದಿದ್ದರೆ, ಅದನ್ನು ತೆಗೆದಾಗ ಟೈಮಿಂಗ್ ಹಿಂದೆ ಬೀಳುತ್ತದೆ, ಮುಳ್ಳೂ ಇಳಿಯುತ್ತದೆ. ಅದನ್ನು ನೋಡಿ ಅಡ್ವಾನ್ಸ್‌ನ ಡಯಾಫ್ರಾಮ್ (ಎಳೆತಕ್ಕೆ ಅಲುಗುವ ಪೊರೆ) ಸರಿಯಿದೆ ಅಥವಾ ಕೆಟ್ಟಿದೆ ಅನ್ನಲು ಬರುವುದಿಲ್ಲ. ಕೈ ವ್ಯಾಕ್ಯೂಮ್ ಪಂಪ್ ಹಾಕಿ ಎಳೆದು ಹಿಡಿಯಿರಿ. ಮುಳ್ಳು ನಿಂತಲ್ಲೇ ನಿಂತರೆ ಡಯಾಫ್ರಾಮ್ ಗಟ್ಟಿ, ಜಾರಿದರೆ ಹರಿದಿದೆ. ಬೂಸ್ಟರ್‌ಗೆ ಪಂಪೂ ಬೇಡ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಪೆಡಲ್ ಒತ್ತಿ ಹಿಡಿಯಿರಿ. ಹಿಡಿದಷ್ಟು ಹೊತ್ತೂ ಎಂಜಿನ್ ಸದ್ದು ಕೆಟ್ಟೇ ಇದ್ದರೆ ಬೂಸ್ಟರ್ ಗಾಳಿ ಎಳೆಯುತ್ತಿದೆ.

ಸ್ಪ್ರೇ ಪರೀಕ್ಷೆ

ಗ್ಯಾಸ್ಕೆಟ್ ಅಂಚಿಗೆ ಕಾರ್ಬ್ ಕ್ಲೀನರ್ ಹೊಡೆಯಿರಿ, ಆರ್‌ಪಿಎಂ ಏರಿದರೆ ಅಲ್ಲೇ ಲೀಕ್. ಎಲ್ಲರೂ ಹೇಳುವುದು ಇಷ್ಟೇ. ಆದರೆ ಎಷ್ಟೋ ಸಲ ಲೀಕ್ ಇದ್ದರೂ ಆರ್‌ಪಿಎಂ ಏರುವುದಿಲ್ಲ, ಇಳಿಯುತ್ತದೆ. ನನಗೆ ಗೋಜಲಾಗಿದ್ದದ್ದು ಇದೇ.

ಕಾರಣ ಹೀಗಿದೆ. ಕ್ಲೀನರ್ ಉರಿಯುವ ದ್ರವ, ಅಂದರೆ ನಾವು ಹೊರಗಿನಿಂದ ಇಂಧನ ಕೊಡುತ್ತಿದ್ದೇವೆ. ಮಿಶ್ರಣ ಲೀನ್ ಇದ್ದರೆ ಆ ಕೊರತೆ ತುಂಬುತ್ತದೆ, ಎಂಜಿನ್ ಚುರುಕಾಗುತ್ತದೆ. ಆದರೆ ಹಳೆ ಕಾರಿನಲ್ಲಿ ಯಾರೋ ಹಿಂದೆಯೇ ಮಿಕ್ಸ್ಚರ್ ಸ್ಕ್ರೂ ಬಿಚ್ಚಿ ಪೆಟ್ರೋಲ್ ಜಾಸ್ತಿ ಮಾಡಿ ಲೀಕನ್ನು ಮುಚ್ಚಿಹಾಕಿರಬಹುದು. ಆಗ ಮಿಶ್ರಣ ಮೊದಲೇ ರಿಚ್. ನಮ್ಮ ಕ್ಲೀನರ್ ಸೇರಿದರೆ ಇನ್ನೂ ರಿಚ್ ಆಗಿ ಎಂಜಿನ್ ಮಂಕಾಗುತ್ತದೆ. ಹಾಗಾಗಿ ಏರಿತೋ ಇಳಿಯಿತೋ ಅನ್ನೋದು ಮುಖ್ಯವಲ್ಲ. ಬದಲಾಯಿತೋ ಇಲ್ಲವೋ ಅಷ್ಟೇ ನೋಡಿ.

ಎರಡನೆಯ ಮೋಸ ರೇಡಿಯೇಟರ್ ಫ್ಯಾನ್‌ನದು. ಅದು ಸ್ಪ್ರೇಯ ಆವಿಯನ್ನು ನೇರವಾಗಿ ಕಾರ್ಬುರೇಟರ್ ಬಾಯಿಗೆ ತಳ್ಳುತ್ತದೆ. ಆಗ ಎಲ್ಲಿ ಹೊಡೆದರೂ ಎಂಜಿನ್ ಸದ್ದು ಬದಲಾಗುತ್ತದೆ. ನಿಜವಾದ ಲೀಕ್‌ಗೆ ಹೊಡೆದರೆ ಬದಲಾವಣೆ ಥಟ್ಟನೆ ಬರುತ್ತದೆ, ನಿಲ್ಲಿಸಿದರೆ ಥಟ್ಟನೆ ಹೋಗುತ್ತದೆ. ಬಾಯಿಯಿಂದ ಹೋದದ್ದು ತಡವಾಗಿ ಬಂದು ನಿಧಾನಕ್ಕೆ ಇಳಿಯುತ್ತದೆ. ಏರ್ ಫಿಲ್ಟರ್ ಹಾಕಿಟ್ಟೇ ಪರೀಕ್ಷಿಸಿ. ಸಣ್ಣ ಕೊಳವೆಯಿಂದ ಚಿಕ್ಕ ಚಿಕ್ಕ ಏಟು ಹೊಡೆಯಿರಿ. ಅನುಮಾನ ಬಂದ ಜಾಗಕ್ಕೇ ಮತ್ತೆ ಮತ್ತೆ ಹೊಡೆದು, ಪ್ರತಿ ಸಲವೂ ಅದೇ ಉತ್ತರ ಬಂದರೆ ಮಾತ್ರ ನಂಬಿ.

ಇಷ್ಟಾದರೂ ಸಂಶಯ ಉಳಿದರೆ ನೀರು ಬಳಸಿ. ಕೈ ಸ್ಪ್ರೇಯರ್‌ನಿಂದ ಸಣ್ಣಗೆ ಸಿಂಪಡಿಸಿದರೆ ನೀರು ಸಂದಿಯನ್ನು ಒಂದು ಕ್ಷಣ ಮುಚ್ಚುತ್ತದೆ, ಸದ್ದು ಬದಲಾಗುತ್ತದೆ. ನೀರಿನ ಆವಿ ಇಂಧನವಲ್ಲ, ಹಾಗಾಗಿ ಕಾರ್ಬುರೇಟರ್ ಬಾಯಿಗೆ ಚೂರು ಹೋದರೂ ಅಷ್ಟು ಗೊಂದಲವಿಲ್ಲ. ಡಿಸ್ಟ್ರಿಬ್ಯೂಟರ್ ಮತ್ತು ಪ್ಲಗ್ ವೈರ್‌ಗಳಿಂದ ದೂರವಿಡಿ. ಅವು ಒದ್ದೆಯಾದರೆ ಎಂಜಿನ್ ಬೇರೆ ಕಾರಣಕ್ಕೆ ಮಿಸ್ ಹೊಡೆಯುತ್ತದೆ. ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ನೀರು ಸುರಿಯಲೇಬೇಡಿ, ಬೀಡು ಕಬ್ಬಿಣ ಬಿರುಕು ಬಿಡಬಹುದು.

ಬೆಂಕಿಯ ವಿಷಯ ಸಲೀಸಾಗಿ ತೆಗೆದುಕೊಳ್ಳಬೇಡಿ. ಇನ್‌ಲೈನ್ ಎಂಜಿನ್‌ಗಳಲ್ಲಿ ಬಹಳಷ್ಟು ಸಲ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಒಂದೇ ಬದಿಯಲ್ಲಿರುತ್ತವೆ. ಅಲ್ಲಿ ಕ್ಲೀನರ್ ಹೊಡೆದರೆ ಅದು ಕಾದ ಕಬ್ಬಿಣದ ಮೇಲೇ ಬೀಳುತ್ತದೆ. ಅಂಥ ಎಂಜಿನ್‌ಗೆ ನೀರಿನ ಹನಿಯೇ ಸಾಕು. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬೇಡವೇ ಬೇಡ, ಅದು ಉರಿದರೆ ವಿಷಗಾಳಿ ಹುಟ್ಟುತ್ತದೆ.

ಸರಿ ಮಾಡುವುದು

ಹೋಸ್ ಗಟ್ಟಿಯಾಗಿದ್ದರೆ ಅಥವಾ ಸೀಳಿದ್ದರೆ ಹೊಸದು ಹಾಕಿ, ಮುಗಿಯಿತು. ಬೂಸ್ಟರ್‌ಗೆ ವ್ಯಾಕ್ಯೂಮ್‌ಗೆಂದೇ ಮಾಡಿದ ಗಟ್ಟಿ ಹೋಸ್ ಬೇಕು. ಮಾಮೂಲಿ ಹೋಸ್ ಎಳೆತಕ್ಕೆ ಒಳಗೇ ಕುಗ್ಗಿ ಚಪ್ಪಟೆಯಾಗುತ್ತದೆ.

ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್ ಬದಲಿಸುವಾಗ ಆ ಮುಖ ಸಮತಟ್ಟಾಗಿದೆಯಾ ಅಂತ ನೇರ ಪಟ್ಟಿ ಇಟ್ಟು ಫೀಲರ್ ಗೇಜ್‌ನಿಂದ ನೋಡಿ. ವರ್ಷಗಟ್ಟಲೆ ನಟ್ ಜಾಸ್ತಿ ಬಿಗಿದಿದ್ದರೆ ನಟ್ ಕೂರುವ ಕಿವಿಗಳು ಬಾಗಿರುತ್ತವೆ. ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು ಉಜ್ಜಿ ಸಮ ಮಾಡಬಹುದು. ಅಲ್ಲಿ ಮಾಮೂಲಿ ಸಿಲಿಕೋನ್ ಬಳಿಯಬೇಡಿ, ಪೆಟ್ರೋಲ್ ತಾಗಿದರೆ ಅದು ಮೆತ್ತಗಾಗಿ ಕಿತ್ತು ಬರುತ್ತದೆ. ಮ್ಯಾನಿಫೋಲ್ಡ್ ನಟ್‌ಗಳನ್ನು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಬಿಗಿಯಿರಿ.

ಥ್ರಾಟಲ್ ಸ್ಪಿಂಡಲ್ ಸವೆದಿದ್ದರೆ ಗ್ಯಾಸ್ಕೆಟ್ ಎಷ್ಟು ಬದಲಿಸಿದರೂ ಉಪಯೋಗವಿಲ್ಲ. ಐಡ್ಲಿಂಗ್‌ನಲ್ಲಿ ಸ್ಪಿಂಡಲ್ಲನ್ನು ಮೆಲ್ಲಗೆ ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಸದ್ದು ಬದಲಾದರೆ ಹೊಸ ಬುಷ್ (ಸ್ಪಿಂಡಲ್ ಕೂರುವ ಬಳೆ) ಹಾಕಿಸಲೇಬೇಕು.

ವಿ8 ಎಂಜಿನ್‌ಗಳಲ್ಲಿ ಇನ್ನೊಂದು ಅಡಗುತಾಣವಿದೆ. ಮ್ಯಾನಿಫೋಲ್ಡ್‌ನ ಅಡಿಭಾಗ ಎಂಜಿನ್‌ನ ಒಳಗಿನಿಂದಲೇ ಗಾಳಿ, ಜೊತೆಗೆ ಆಯಿಲ್ ಎಳೆಯಬಹುದು. ಹೊರಗಿನಿಂದ ಯಾವ ಸ್ಪ್ರೇಯೂ ಅಲ್ಲಿಗೆ ಮುಟ್ಟುವುದಿಲ್ಲ. ಪಿಸಿವಿ ಮತ್ತು ಬ್ರೀದರ್ (ಎಂಜಿನ್ ಒಳಗೆ ಗಾಳಿಯಾಡುವ ಕೊಳವೆ) ಮುಚ್ಚಿ, ಆಯಿಲ್ ಹಾಕುವ ಬಾಯಿಗೆ ಅಂಗೈ ಇಡಿ. ಅಲ್ಲಿ ನಿಧಾನಕ್ಕೆ ಒತ್ತಡ ಏರಬೇಕು. ಅಂಗೈಯನ್ನು ಒಳಕ್ಕೆ ಎಳೆದರೆ ಲೀಕ್ ಅಡಿಯಲ್ಲಿದೆ.

ಲೀಕ್ ಮುಚ್ಚಿದ ಮೇಲೆ ಟೈಮಿಂಗ್, ಐಡ್ಲ್ ಸ್ಕ್ರೂ, ಮಿಕ್ಸ್ಚರ್ ಮೂರನ್ನೂ ಮತ್ತೆ ಹೊಂದಿಸಿ, ಯಾಕಂದ್ರೆ ಹಿಂದಿನ ಟ್ಯೂನಿಂಗ್ ಲೀಕ್ ಇದ್ದ ಎಂಜಿನ್‌ಗೆ ಮಾಡಿದ್ದು. ಟೈಮಿಂಗ್‌ನಿಂದ ಶುರು ಮಾಡಿ. ಕಾರಿನ ಕೈಪಿಡಿ ಅಡ್ವಾನ್ಸ್ ಹೋಸ್ ತೆಗೆಯಲು ಹೇಳಿದ್ದರೆ ಆ ಕಿಂಡಿಯನ್ನೂ ಮುಚ್ಚಿಡಿ, ಇಲ್ಲದಿದ್ದರೆ ಅದೇ ಹೊಸ ಲೀಕ್ ಆಗುತ್ತದೆ. ಎಂಜಿನ್ ಒಂದು ಸಲ ಚೆನ್ನಾಗಿ ಕಾದು ತಣ್ಣಗಾದ ಮೇಲೆ ಮ್ಯಾನಿಫೋಲ್ಡ್ ನಟ್‌ಗಳ ಬಿಗಿತವನ್ನು ಇನ್ನೊಮ್ಮೆ ನೋಡಿ.